ಟೋಪನ್ ತೆಗೆದ ಮೇಲೆ ಅವರು ಯಾರು?

ಪ್ರಶ್ನೆ: ಲಂಡನ್‌ನಾಗ ಗಂಡಸರು ಹೆಣ್ಣಿನ ವೇಷ ಹಾಕ್ಕೊಂಡು, ಒಬ್ಬರ ನಿಂತು ಹಾಡಿ, ಜೋಕ್ ಹೇಳಿ ನಗಸ್ತಾರ. ಅದಕ್ಕ ಡ್ರ್ಯಾಗ್ ಅಂತಾರಂತ, ಮೊಬೈಲ್‌ನಾಗ ನೋಡೀನಿ. ನಮ್ಮ ಬನಶಂಕರಿ ಜಾತ್ರಿ ನಾಟಕದಾಗೂ ಹೆಣ್ಣಿನ ಪಾರ್ಟು ಮಾಡೋ ಗಂಡಸರು ಅದಾರ. ಇವರೆಲ್ಲಾ ಮನ್ಯಾಗೂ ಹಂಗ ಇರ್ತಾರೇನ್ರಿ? (ಜಮಖಂಡಿಯ ಓದುಗರೊಬ್ಬರು)

ಈ ಪ್ರಶ್ನೆ ಬಂದಿರುವುದು ಇದೇ ಮೊದಲಲ್ಲ. ಎದುರಿಗೆ ಸಿಕ್ಕವರೂ ಕೇಳುತ್ತಾರೆ. ‘ಮನ್ಯಾಗೂ ಹಂಗ’ ಅನ್ನುವಲ್ಲಿ ಮಾತ್ರ ದನಿ ಸ್ವಲ್ಪ ತಗ್ಗುತ್ತೆ.

ಒಂದೇ ಸಾಲಿನ ಉತ್ತರ ಬೇಕಿದ್ದರೆ ಇಷ್ಟು: ಕೆಲವರು ಇರಬಹುದು, ಬಹಳ ಮಂದಿ ಇರುವುದಿಲ್ಲ, ವೇಷ ನೋಡಿ ಅದನ್ನು ಹೇಳೋಕೆ ಬರೋದಿಲ್ಲ. ದುಶ್ಯಾಸನನ ಪಾರ್ಟು ಮಾಡಿದವನನ್ನು ಯಾರೂ ‘ನೀವು ಮನ್ಯಾಗೂ ಸೀರಿ ಎಳೀತೀರೇನ್ರಿ’ ಅಂತ ಕೇಳುವುದಿಲ್ಲ, ಅಲ್ವಾ? ಸೀರೆ ಎಳೆದವನಿಗೆ ಇಲ್ಲದ ಪ್ರಶ್ನೆ ಸೀರೆ ಉಟ್ಟವನಿಗೆ ಯಾಕೆ ಅನ್ನುವುದು ನನ್ನ ಕಡೆಯ ಪ್ರಶ್ನೆ.

ಆದರೆ ಇಷ್ಟಕ್ಕೇ ಬಿಟ್ಟರೆ ಒಳ್ಳೆ ಕಥೆ ತಪ್ಪಿಹೋಗುತ್ತೆ. ಈ ಕಸುಬಿನಲ್ಲಿ ದೊಡ್ಡ ಹೆಸರು ಮಾಡಿದ ಒಬ್ಬರ ಬದುಕು ಹೇಳುತ್ತೇನೆ, ಆಮೇಲೆ ನಮ್ಮ ಟೆಂಟಿಗೆ ಬರೋಣ.

ಪಾಲ್ ಓ’ಗ್ರೇಡಿ ಹುಟ್ಟಿದ್ದು 1955ರ ಜೂನ್ 14ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಅತ್ತ ದಂಡೆಗೆ ಲಿವರ್‌ಪೂಲ್, ಇತ್ತ ದಂಡೆಗೆ ಇವರ ಊರು, ನಡುವೆ ಮರ್ಸಿ ನದಿ. ಐರಿಶ್ ಮೂಲದ ಕ್ಯಾಥೊಲಿಕ್ ಮನೆ, ದುಡಿದು ತಿನ್ನುವ ಮಂದಿ. ಪಾಲ್ ಅದೂ ಇದೂ ಕೆಲಸ ಮಾಡಿ, ಲಂಡನ್ನಿಗೆ ಬಂದು ಕ್ಯಾಮ್ಡನ್ ಕೌನ್ಸಿಲ್ ಸೇರಿದರು. ನಮ್ಮ ಕಡೆ ಪಾಲಿಕೆ ಇದ್ದ ಹಾಗೆ ಅದು. ನೋಡಿಕೊಳ್ಳುವವರಿಲ್ಲದ ಮನೆಗಳಿಗೆ ಹೋಗಿ ಮಕ್ಕಳನ್ನು, ವಯಸ್ಸಾದವರನ್ನು ಸಂಭಾಳಿಸುವ ಕೆಲಸ.

ಹಗಲಿನದು ಇದಾಯ್ತು. 1970ರ ದಶಕದ ಕೊನೆಗೆ, ರಾತ್ರಿ ಹೊತ್ತು ಲಂಡನ್ನಿನ ಪಬ್ಬುಗಳಲ್ಲಿ ಲಿಲಿ ಸ್ಯಾವೇಜ್ ಅನ್ನುವ ಹೆಂಗಸು ಹುಟ್ಟಿಕೊಂಡಳು. ಸ್ಯಾವೇಜ್ ಅನ್ನುವುದು ಪಾಲ್ ಅವರ ತಾಯಿಯ ತವರಿನ ಅಡ್ಡಹೆಸರು. ಲಿಲಿಯ ತಲೆ ಮೇಲೆ ಗೋಪುರದಂಥ ಹೊಂಬಣ್ಣದ ವಿಗ್. ಆದರೆ ಕೂದಲಿನ ಬುಡ ಕಪ್ಪು! ಬಣ್ಣ ಹಚ್ಚಿಸಿ ಬಹಳ ದಿನ ಆಗಿದೆ, ಮತ್ತೆ ಹಚ್ಚಿಸೋಕೆ ದುಡ್ಡಿಲ್ಲ ಅಂತ ನೋಡಿದ ಕೂಡಲೇ ತಿಳಿಯಬೇಕು. ಮೈಮೇಲೆ ಚಿರತೆ ಚುಕ್ಕೆಯ ಬಟ್ಟೆ, ಕೈಯಲ್ಲಿ ಸಿಗರೇಟು, ಬಾಯಲ್ಲಿ ಬರ್ಕನ್‌ಹೆಡ್‌ನ ಓಣಿ ಮಾತು. ಮಕ್ಕಳ ಕಾಟ, ಅಂಗಡಿಯಿಂದ ಸದ್ದಿಲ್ಲದೆ ಎತ್ತಿದ ಸಾಮಾನು, ಕೈಕೊಟ್ಟ ಗಂಡಸರು, ಇವೇ ಅವಳ ಪುರಾಣ. ತಾಯಿ, ಚಿಕ್ಕಮ್ಮ, ಓಣಿಯ ಹೆಂಗಸರು, ಎಲ್ಲರೂ ಸೇರಿ ಆದವಳು ಲಿಲಿ.

ಪಬ್ಬಿನಲ್ಲಿ ಲಿಲಿ ಆಡುತ್ತಿದ್ದ ಇಂಥ ಆಟಕ್ಕೆ ಕ್ಯಾಬರೆ ಅಂತಾರೆ. ಕ್ಯಾಬರೆ ಅಂದರೆ ನಮ್ಮಲ್ಲಿ ಹಳೇ ಸಿನಿಮಾದ ಕುಣಿತ ನೆನಪಾಗುತ್ತೆ. ಇಲ್ಲಿ ಅರ್ಥ ಬೇರೆ. ಸಣ್ಣ ಜಾಗ, ಕುಡಿಯುತ್ತ ಕೂತ ಜನ, ಮೊಳ ಎತ್ತರದ ಕಟ್ಟೆ. ಕಲಾವಿದರು ನೇರ ಜನರ ಕೂಡ ಮಾತಾಡುತ್ತಾರೆ. ಕಥೆಯ ಆಸರೆ ಇಲ್ಲ, ಎದುರು ಪಾತ್ರ ಇಲ್ಲ. ಯಾವನೋ ಕುಡಿದವನು ನಡುವೆ ಕೂಗಿದರೆ ಅವನೇ ಎದುರು ಪಾತ್ರ. ಅವನ ಬಾಯಿ ಮುಚ್ಚಿಸಬೇಕು, ಆದರೆ ಅವನೂ ನಗುವ ಹಾಗೆ ಮುಚ್ಚಿಸಬೇಕು. ಲಂಡನ್ನಿನ ರಾಯಲ್ ವಾಕ್ಸ್‌ಹಾಲ್ ಟ್ಯಾವರ್ನ್ ಅನ್ನುವ ಪಬ್ಬಿನಲ್ಲಿ ಲಿಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ.

1987ರಲ್ಲಿ ಅದೇ ಪಬ್ಬಿನ ಮೇಲೆ ಪೊಲೀಸ್ ದಾಳಿ ಆಯಿತು. ಏಡ್ಸ್ ಅಂದರೆ ಊರೇ ನಡುಗುತ್ತಿದ್ದ ಕಾಲ. ಮುಟ್ಟಿದರೆ ರೋಗ ಅಂಟುತ್ತೆ ಅಂತ ಪೊಲೀಸರು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದಿದ್ದರು. ಲಿಲಿ ಆಗ ಸ್ಟೇಜ್ ಮೇಲೆ. ಗ್ಲೌಸ್ ನೋಡಿ, ಪಾತ್ರೆ ತೊಳೆಯೋಕೆ ಜನ ಬಂದ್ರಲ್ಲ ಅನ್ನುವ ಅರ್ಥದ ಮಾತು ಬಿಟ್ಟಳು. ಆ ರಾತ್ರಿ ಪೊಲೀಸರು ಹಲವರನ್ನು ಹಿಡಿದೊಯ್ದರು. ಅದೇ ಮಾತನ್ನು ಪಾಲ್ ಪ್ಯಾಂಟು ಶರ್ಟಿನಲ್ಲಿ ನಿಂತು ಆಡಿದ್ದರೆ ಅದು ಬರೀ ಉದ್ಧಟತನ ಅನ್ನಿಸುತ್ತಿತ್ತು. ಆಡಿದ್ದು ಲಿಲಿ, ಅದಕ್ಕೇ ಇವತ್ತಿಗೂ ಜನ ಅದನ್ನು ನೆನೆಸಿಕೊಂಡು ನಗುತ್ತಾರೆ.

ಮುಂದಿನದು ಬೇಗ ಹೇಳುತ್ತೇನೆ. 1991ರಲ್ಲಿ ಎಡಿನ್‌ಬರಾ ಉತ್ಸವದ ಪೆರಿಯೇ ಕಾಮಿಡಿ ಪ್ರಶಸ್ತಿಯ ಕೊನೆ ಸುತ್ತಿಗೆ ಹೋದಳು. 1997ರಿಂದ ಬ್ಲ್ಯಾಂಕೆಟಿ ಬ್ಲ್ಯಾಂಕ್ ಅನ್ನುವ ಟೀವಿ ಆಟ ನಡೆಸಿಕೊಟ್ಟಳು. ಪಬ್ಬಿನ ಲಿಲಿ ಮನೆಮನೆಯ ಲಿಲಿ ಆದಳು. 2004ರ ಹೊತ್ತಿಗೆ ಪಾಲ್ ವಿಗ್ ತೆಗೆದಿಟ್ಟು ತಮ್ಮದೇ ಹೆಸರಲ್ಲಿ ಟೀವಿ ಕಾರ್ಯಕ್ರಮ ಶುರು ಮಾಡಿದರು. ಲಿಲಿ ಎಲ್ಲಿ ಅಂತ ಕೇಳಿದವರಿಗೆ, ಫ್ರಾನ್ಸಿನಲ್ಲಿ ಸನ್ಯಾಸಿನಿಯರ ಮಠ ಸೇರಿದ್ದಾಳೆ ಅಂತ ಹೇಳುತ್ತಿದ್ದರು. 2012ರಿಂದ, ಸಾಕುವವರಿಲ್ಲದ ನಾಯಿಗಳ ಬಗ್ಗೆ ಅವರು ನಡೆಸಿದ ಕಾರ್ಯಕ್ರಮ ಇನ್ನೂ ಹೆಸರು ಮಾಡಿತು. 2023ರ ಮಾರ್ಚ್ 28ರಂದು ತೀರಿಕೊಂಡಾಗ 67 ವರ್ಷ.

ಈಗ ನಿಮ್ಮ ಪ್ರಶ್ನೆಯನ್ನು ಇವರ ಪಕ್ಕಕ್ಕಿಟ್ಟು ನೋಡಿ. ಮನೆಯಲ್ಲಿ ಹೇಗಿದ್ದರು? ಕೆಂಟ್‌ನಲ್ಲಿ ತೋಟದ ಮನೆ, ಆಡು, ಕುರಿ, ಕೋಳಿ, ನಾಯಿ. ಲಿಲಿಗೆ ಅಲ್ಲಿ ಕೆಲಸವಿಲ್ಲ. ಪಾಲ್ ಗಂಡಸರನ್ನು ಪ್ರೀತಿಸುವವರು, ಅದನ್ನು ಮುಚ್ಚಿಟ್ಟವರಲ್ಲ. ಹಾಗಾದರೆ ವೇಷಕ್ಕೂ ಅದಕ್ಕೂ ನಂಟಿದೆ ಅಂತ ಅನ್ನಬೇಡಿ. ಅವರು ತೀರಿಕೊಂಡು ತಿಂಗಳು ತುಂಬುವುದರೊಳಗೆ, ಏಪ್ರಿಲ್ 22ರಂದು, ಆಸ್ಟ್ರೇಲಿಯಾದ ಬ್ಯಾರಿ ಹಂಫ್ರೀಸ್ ತೀರಿಕೊಂಡರು. ಅವರು 1955ರಲ್ಲಿ ಮೆಲ್ಬರ್ನ್‌ನಲ್ಲಿ ಎಡ್ನಾ ಎವರೇಜ್ ಅನ್ನುವ ಗೃಹಿಣಿಯನ್ನು ಸ್ಟೇಜಿಗೆ ತಂದವರು, ಜೀವನಪೂರ್ತಿ ಅವಳನ್ನು ಆಡಿದವರು. ಅವರದು ನಾಲ್ಕು ಮದುವೆ, ನಾಲ್ಕು ಮಕ್ಕಳು, ಹೆಂಡತಿಯರು ಹೆಂಗಸರೇ. ಇಬ್ಬರದೂ ಒಂದೇ ಕಸುಬು, ಮನೆ ಮಾತ್ರ ಬೇರೆ ಬೇರೆ.

ಇನ್ನು ನಮ್ಮ ಕಡೆ ಬರೋಣ. ಇಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ ಮರಾಠಿ ಸಂಗೀತ ನಾಟಕದ ಕಂಪನಿ ಕಟ್ಟಿದರು. ಆ ಕಂಪನಿಯಲ್ಲೇ ಮುಂದೆ ಬೆಳೆದವರು ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವ. 1888ರಲ್ಲಿ ಹುಟ್ಟಿ 1967ರಲ್ಲಿ ಹೋದರು. ಅವರು ಸ್ಟೇಜ್ ಮೇಲೆ ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿ ನೋಡಿ ದೊಡ್ಡ ಮನೆತನದ ಹೆಂಗಸರು ಮನೆಯಲ್ಲಿ ಹಾಗೇ ಮಾಡುತ್ತಿದ್ದರು. ಹೆಂಗಸರ ನಡಿಗೆಯನ್ನು ಗಂಡಸು ಕಲಿತ, ಗಂಡಸಿನಿಂದ ಅದನ್ನು ಹೆಂಗಸರು ಕಲಿತರು! ಇದಕ್ಕಿಂತ ತಮಾಷೆ ಮುಂದಿದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಹಾಡಿಕೆಯನ್ನು ಹಾಗೇ ಎತ್ತಿಕೊಂಡಿದ್ದರು. 1930ರ ದಶಕದ ಕೊನೆಗೆ ಅವರದೇ ಕಂಪನಿ ಸೇರಿ ಹೆಣ್ಣಿನ ಪಾತ್ರಗಳಿಗೆ ನಿಂತರು. ಹೆಣ್ಣಿನ ಹಾಗೆ ಹಾಡುವ ಗಂಡಸಿನ ಹಾಗೆ ಹಾಡುವ ಹೆಣ್ಣು. ಈಗ ಹೇಳಿ, ಯಾರು ಯಾರ ವೇಷ ಹಾಕಿದ್ದು?

ಸವದತ್ತಿ ಕಡೆಯ ಏಣಗಿ ಬಾಳಪ್ಪನವರೂ ಮೊದಮೊದಲು ಹೆಣ್ಣಿನ ಪಾತ್ರ ಮಾಡಿ ಹೆಸರಾದವರೇ. ಆಮೇಲೆ ಅದೇ ಮನುಷ್ಯ ಬಸವಣ್ಣನಾಗಿ ನಿಂತಾಗ ಜನ ಕೈಮುಗಿದರು.

ಆದರೆ ಇವೆಲ್ಲ ಗಂಭೀರ ಪಾತ್ರಗಳು. ಸ್ಟೇಜಿಗೆ ಹೆಂಗಸರು ಬಂದ ಮೇಲೆ ನಾಯಕಿ, ಪತಿವ್ರತೆ, ರಾಣಿ, ಎಲ್ಲ ಅವರ ಪಾಲಾದವು. ಆಗಬೇಕಾದದ್ದೇ. ಗಂಡಸಿಗೆ ಉಳಿದದ್ದು ಹಾಸ್ಯ: ಜಗಳಗಂಟಿ ಅತ್ತೆ, ಬಾಯಿಬಡಕ ಮುದುಕಿ. ಇಂಗ್ಲೆಂಡಿನಲ್ಲೂ ಹಾಗೇ ಆಯಿತು. ಅಲ್ಲಿ ಕ್ರಿಸ್ಮಸ್ ಹೊತ್ತಿಗೆ ಪ್ಯಾಂಟೊಮೈಮ್ ಅಂತ ಮನೆಮಂದಿಯೆಲ್ಲ ಕೂತು ನೋಡುವ ನಾಟಕ ಇರುತ್ತೆ. ಅದರಲ್ಲಿ ಮುದುಕಿಯ ಪಾರ್ಟು ಗಂಡಸಿನದೇ, ಜನ ಕೂತಲ್ಲಿಂದ ಕೂಗುವುದು ಆಟದ ಭಾಗವೇ. ಪಾಲ್ ಕೂಡ ಅಂಥವು ಮಾಡಿದ್ದಾರೆ. ಅವರದು ಮುಗಿಯುವ ಹೊತ್ತಿಗೆ ನಮ್ಮದು ಬನದ ಹುಣ್ಣಿಮೆ. ಬಾದಾಮಿ ಹತ್ತಿರ ಬನಶಂಕರಿಯಲ್ಲಿ ಸಾಲಾಗಿ ನಾಟಕ ಕಂಪನಿಗಳ ಟೆಂಟು ಏಳುತ್ತವೆ.

ಅಂಥ ಒಂದು ಟೆಂಟಿನ ಹಿಂದೆ ಒಮ್ಮೆ ಕೂತಿದ್ದೆ. ಮುದುಕಿಯ ಪಾರ್ಟು ಮಾಡುವವರಿಗೆ ಐವತ್ತರ ಆಸುಪಾಸು. ಮಧ್ಯಾಹ್ನ ಗಡ್ಡ ಬೋಳಿಸಿದ್ದರೂ ಸಂಜೆಗೆ ಇನ್ನೊಮ್ಮೆ ಬೋಳಿಸಿದರು. ಆಮೇಲೆ ಗದ್ದಕ್ಕೆಲ್ಲ ಕೆಂಪು ಲಿಪ್‌ಸ್ಟಿಕ್ ತಿಕ್ಕಿದರು. ನನಗೆ ಗಾಬರಿ. “ಬರೇ ಬಿಳಿ ಬಳದ್ರ ಲೈಟಿನ್ಯಾಗ ಗಡ್ಡ ನೀಲಿ ಹೊಡೀತೈತ್ರಿ. ಕೆಂಪು ಅದನ್ನ ತಿಂತೈತಿ” ಅಂದರು. ಲಂಡನ್ನಿನ ಡ್ರ್ಯಾಗ್ ಕಲಾವಿದರು ಮಾಡುವುದೂ ಇದನ್ನೇ. ಸೊಂಟ ತುಂಬೋಕೆ ಅವರು ಸ್ಪಂಜು ಕಟ್ಟಿಕೊಳ್ಳುತ್ತಾರೆ, ಇವರು ಹಳೇ ಕೌದಿಯ ತುಂಡು ಸುತ್ತಿಕೊಂಡರು. ಅದರ ಮೇಲೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ. ತಲೆಗೆ ನರೆತ ಟೋಪನ್, ಅಂದರೆ ವಿಗ್. ಅಷ್ಟಾದರೂ ಅವರು ಅವರೇ ಇದ್ದರು, ಬೀಡಿ ಸೇದುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು. ಕೊನೆಗೆ ಹಸಿರು ಬಳೆ ಏರಿಸಿದರು. ನೋಡಿ, ಕೈ ಬೇರೆಯೇ ಆಯಿತು. ಬೀಡಿ ಹಿಡಿದಿದ್ದ ಬೆರಳು ಸೆರಗಿನ ತುದಿಯನ್ನು ಹುಡುಕಿಕೊಂಡು ಹೋಯಿತು.

ಸ್ಟೇಜಿಗೆ ಹೋದ ಕೂಡಲೇ ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗ ಕಣ್ಣಿಗೆ ಬಿದ್ದ. “ಏ ತಮ್ಮಾ, ನಿಮ್ಮವ್ವಗ ನಾಟಕಕ್ಕ ಹೊಂಟೀನಿ ಅಂತ ಹೇಳಿ ಬಂದಿಯೋ, ಟ್ಯೂಷನ್ ಅಂತ ಹೇಳಿ ಬಂದಿಯೋ?” ಟೆಂಟೆಲ್ಲ ನಗು. ಆಮೇಲೆ ಮುದುಕಿ ತನ್ನ ಗಂಡನ ಸುದ್ದಿ ತೆಗೆದಳು. “ಕಬ್ಬಿನ ಬಿಲ್ಲು ಬಂದಿಲ್ಲ, ಬಿಲ್ಲು ಬಂದಿಲ್ಲ ಅಂತ ಮೂರು ತಿಂಗಳಿಂದ ಮನ್ಯಾಗ ಕುಂತಾನವ್ವಾ. ಬಿಲ್ಲು ಬಂದ ದಿನ ಇವನ ಬರೂದಿಲ್ಲ!” ಗಂಡಸರು ಒಂದು ಕ್ಷಣ ಸುಮ್ಮನಾದರು. ಹೆಂಗಸರ ಕಡೆಯಿಂದ ಮಾತ್ರ ಸೀಟಿ ಒಂದೇ ಬಾಕಿ.

ನನಗೆ ವೇಷದ ಗುಟ್ಟು ಕಂಡದ್ದು ಅಲ್ಲೇ. ಬಿಲ್ಲು ಬಂದ ರಾತ್ರಿ ಎಲ್ಲಿ ಹೋಗ್ತೀರಿ ಅಂತ ಒಬ್ಬ ಗಂಡಸು ನಾಲ್ಕು ನೂರು ಗಂಡಸರಿಗೆ ಕೇಳಿದ್ದರೆ ಜಗಳ ಆಗುತ್ತಿತ್ತು. ನಿಜವಾದ ಹೆಂಗಸು ಕೇಳಿದ್ದರೆ ಮನೆಯಲ್ಲಿ ಏನಾಗುತ್ತಿತ್ತೋ. ಇಬ್ಬರೂ ಅಲ್ಲದ ಈ ಮುದುಕಿ ಕೇಳಿದರೆ ಎಲ್ಲರೂ ಕೇಳಿಸಿಕೊಂಡರು. ಸೀರೆ ಇಲ್ಲಿ ಬಾಯಿಗೆ ಸಿಕ್ಕ ಪರವಾನಿಗೆ.

ಎಲ್ಲರೂ ಇಷ್ಟು ಚೆನ್ನಾಗಿ ಮಾಡುತ್ತಾರೆ ಅಂತಲ್ಲ. ನಾನು ನೋಡಿದ್ದರಲ್ಲಿ ಜಾಸ್ತಿ ಬರೀ ಎದೆ ಸರಿಮಾಡಿಕೊಂಡು, ಸೊಂಟ ಕುಣಿಸಿ, ಎರಡರ್ಥದ ಮಾತು ಒಗೆದು ಇಳಿಯುವಂಥವು. ಟೀವಿ ಕಾಮಿಡಿಯಲ್ಲೂ ಅದೇ ಹಾಡು. ಅಲ್ಲಿ ನಗು ಬರುವುದು ‘ಗಂಡಸು ನೋಡ್ರಿ, ಸೀರಿ ಉಟ್ಟಾನ’ ಅನ್ನುವುದಕ್ಕೆ. ಎರಡು ನಿಮಿಷಕ್ಕೆ ಅದು ಖಾಲಿ. ಲಿಲಿ ಮಾತಾಡುತ್ತಿದ್ದಾಗ ಜನ ಒಳಗಿನ ಪಾಲ್‌ನನ್ನು ಮರೆಯುತ್ತಿದ್ದರು. ಮರೆಸದೇ ಹೋದರೆ ಈ ಕಸುಬಲ್ಲಿ ನಾಲ್ಕು ದಿನ ನಿಲ್ಲಬಹುದು, ನಲವತ್ತು ವರ್ಷ ನಿಲ್ಲೋಕಾಗಲ್ಲ.

ಇನ್ನೊಂದು ಮಾತು ಬಿಡಿಸಿ ಹೇಳಲೇಬೇಕು, ಯಾಕಂದರೆ ನಮ್ಮ ಕಡೆ ಇದನ್ನು ಕಲಸಿಬಿಡುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಸೀರೆ ಉಟ್ಟ ಜೋಗಪ್ಪಗಳನ್ನು ನೋಡಿರುತ್ತೀರಿ. ಅದು ವೇಷ ಅಲ್ಲ, ಅವರ ಬದುಕು. ಆಟ ಮುಗೀತು ಅಂತ ಅವರು ಸೀರೆ ಮಡಚಿ ಪೆಟ್ಟಿಗೆಗೆ ಹಾಕುವುದಿಲ್ಲ. ತಾವು ಹೆಣ್ಣು ಅಂತ ಬದುಕುವವರಲ್ಲಿ ಕೆಲವರು ಸ್ಟೇಜ್ ಮೇಲೆ ಡ್ರ್ಯಾಗ್ ಕೂಡ ಮಾಡುತ್ತಾರೆ, ಅದು ಅವರವರ ಇಷ್ಟ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ 2014ರಿಂದ ‘ಮಾಯಾ’ ಅನ್ನುವ ಹೆಸರಲ್ಲಿ ಸೀರೆ ಉಟ್ಟು ಡ್ರ್ಯಾಗ್ ಪ್ರದರ್ಶನ ಕೊಡುತ್ತಾರೆ. ಯಾರ ಬದುಕು ಎಂಥದು ಅಂತ ಅವರೇ ಹೇಳಿದರೆ ಕೇಳಬೇಕು, ನಾವು ಸೀರೆ ಅಳೆದು ಹೇಳಬಾರದು.

ಬನಶಂಕರಿಯಲ್ಲಿ ಆ ರಾತ್ರಿ ಆಟ ಮುಗಿದಾಗ ಎರಡು ದಾಟಿತ್ತು. ಅವರು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ನಿಮ್ಮ ಪ್ರಶ್ನೆಯನ್ನು ನಾನೂ ಕೇಳಬೇಕು ಅಂದುಕೊಂಡು, ನಾಚಿಕೆಯಾಗಿ, ಬೇರೆ ಕೇಳಿದೆ: ಈ ಮುದುಕಿ ಯಾರ್ರೀ? ಅವರು ಟೋಪನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದರು.

“ನಮ್ಮ ದೊಡ್ಡವ್ವ ರೀ. ಮಾತು, ನಡಗಿ, ಎಲ್ಲಾ ಆಕೀದ. ಈ ಸಲ ಜಾತ್ರಿಗೆ ಬಂದಾಳ. ನಿನ್ನೆ ಮುಂದ ಕುಂತು ನಾಟಕಾ ನೋಡಿ, ‘ಆ ಮುದುಕೀನ ಎಲ್ಲೋ ನೋಡೀನಲೋ, ಯಾವೂರಾಕಿ ಆಕಿ?’ ಅಂದ್ಲು.”