ಬಿಯರ್ ಪಾಂಗ್: ಒಬ್ಬೊಬ್ಬರದು ಒಂದೊಂದು ನಿಯಮವಾದರೆ ಆಡುವುದು ಹೇಗೆ?

ಪ್ರಶ್ನೆ: ಮೇಜಿನ ಎರಡು ತುದಿಗಳಲ್ಲಿ ಕಪ್‌ಗಳನ್ನು ಜೋಡಿಸಿಟ್ಟು ಟೇಬಲ್ ಟೆನಿಸ್ ಚೆಂಡನ್ನು ಎಸೆಯುವ ಬಿಯರ್ ಪಾಂಗ್ ಆಟವನ್ನು ನಾನು ಮೂರು ಬೇರೆ ಬೇರೆ ಗುಂಪುಗಳೊಡನೆ ಆಡಿದ್ದೇನೆ. ಮೂರು ಕಡೆಯೂ ನಿಯಮ ಬೇರೆ, ಮೂರು ಕಡೆಯೂ ಜಗಳ. ಈ ಆಟವನ್ನು ನಿಜಕ್ಕೂ ಆಡಬೇಕಾದದ್ದು ಹೇಗೆ?

ಉತ್ತರ: ಆ ಮೂರು ಗುಂಪಿನವರಲ್ಲಿ ಯಾರೂ ತಪ್ಪಾಗಿ ಆಡಿಲ್ಲ. ಚದುರಂಗಕ್ಕೆ ಫಿಡೆ ಇದೆ, ಟೇಬಲ್ ಟೆನಿಸ್‌ಗೆ ಅದರದೇ ಅಂತರರಾಷ್ಟ್ರೀಯ ಒಕ್ಕೂಟವಿದೆ. ಬಿಯರ್ ಪಾಂಗ್‌ಗೆ ಎಲ್ಲರೂ ಒಪ್ಪಿ ತಲೆಬಾಗುವ ಸಂಸ್ಥೆ ಯಾವುದೂ ಇಲ್ಲ. ಹಾಗಿದ್ದರೂ ಎಲ್ಲೆಡೆಯೂ ಬದಲಾಗದೆ ಉಳಿದಿರುವ ತಿರುಳೊಂದಿದೆ. ನೀವು ಎಸೆದ ಚೆಂಡು ಎದುರಾಳಿಯ ಕಪ್ಪಿನೊಳಗೆ ಬಿದ್ದರೆ ಎದುರಾಳಿ ಆ ಕಪ್ಪಿನಲ್ಲಿರುವುದನ್ನು ಕುಡಿದು ಅದನ್ನು ಮೇಜಿನಿಂದ ತೆಗೆಯಬೇಕು. ಯಾರ ಕಪ್‌ಗಳು ಮೊದಲು ಮುಗಿಯುತ್ತವೆಯೋ ಅವರು ಸೋತಂತೆ. ಇದರಾಚೆಗಿನದ್ದೆಲ್ಲ ಆಯಾ ಗುಂಪಿನ ಒಪ್ಪಂದ ಮಾತ್ರ, ಮತ್ತು ಜಗಳಗಳೆಲ್ಲ ಹುಟ್ಟುವುದು ಆ ಒಪ್ಪಂದವನ್ನು ಆಟ ಶುರುವಾದ ಮೇಲೆ ಮಾಡಿಕೊಳ್ಳಲು ಹೋದಾಗ.

ನಿಯಮಗಳು ಹೀಗೆ ಕವಲೊಡೆಯಲು ಆಟ ಬೆಳೆದುಬಂದ ರೀತಿಯೇ ಕಾರಣ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್‌ನಲ್ಲಿರುವ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿ ಸಂಘಗಳ ಮನೆಗಳಲ್ಲಿ, 1950 ಮತ್ತು 1960ರ ದಶಕಗಳ ಸುಮಾರಿಗೆ, ಟೇಬಲ್ ಟೆನಿಸ್ ಮೇಜಿನ ಮೇಲೆ ಬಿಯರ್ ಲೋಟಗಳನ್ನಿಟ್ಟುಕೊಂಡು ಬ್ಯಾಟಿನಿಂದ ಚೆಂಡು ಹೊಡೆಯುವ ಆಟವಾಗಿ ಇದು ರೂಪುಗೊಂಡಿತು. ಅಲ್ಲಿನವರು ಈಗಲೂ ಬ್ಯಾಟಿನಲ್ಲಿಯೇ, ಅದೂ ಹಿಡಿ ಮುರಿದ ಬ್ಯಾಟಿನಲ್ಲಿ ಆಡುತ್ತಾರೆ. ಕೈಯಿಂದ ಎಸೆಯುವ ಇಂದಿನ ರೂಪ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಅದರ ತವರೆಂದು ಸಾಮಾನ್ಯವಾಗಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜನ್ನೋ ಬಕ್ನೆಲ್ ವಿಶ್ವವಿದ್ಯಾಲಯವನ್ನೋ ಹೆಸರಿಸುತ್ತಾರೆ. ಲೆಬನಾನಿನ ಅಂತರ್ಯುದ್ಧ ಸುದ್ದಿಯಲ್ಲಿದ್ದ ಆ ಕಾಲದಲ್ಲಿ ಈ ಎಸೆತದ ಆಟಕ್ಕೆ ‘ಬೈರೂತ್’ ಎಂಬ ಹೆಸರೂ ಅಂಟಿಕೊಂಡಿತು. ಒಂದು ಹಾಸ್ಟೆಲಿನಿಂದ ಇನ್ನೊಂದು ಹಾಸ್ಟೆಲಿಗೆ ಬಾಯಿಮಾತಿನಲ್ಲೇ ಹರಡಿದ ಆಟ ಹೋದ ಹೋದಲ್ಲಿ ಒಂದೊಂದು ನಿಯಮವನ್ನು ಕೂಡಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. 2006ರಲ್ಲಿ ನೆವಾಡಾದ ಮೆಸ್ಕೀಟ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಬಿಯರ್ ಪಾಂಗ್ ಎಂಬ ಬಹುಮಾನದ ಪಂದ್ಯಾವಳಿ ಆರಂಭವಾದಾಗ ಬರೆದಿಟ್ಟ ನಿಯಮಾವಳಿಯೊಂದು ಬಂದಿತಾದರೂ, ಅದು ಆ ಪಂದ್ಯಾವಳಿಯನ್ನು ಕಟ್ಟಿಹಾಕಿತೇ ಹೊರತು ಮನೆಗಳಲ್ಲಿ ಆಡುವವರನ್ನಲ್ಲ.

ಇನ್ನು ಸಜ್ಜಿಕೆಯ ವಿಷಯ. ಈ ಆಟಕ್ಕೆಂದೇ ಮಾಡಿದ ಮೇಜು 8 ಅಡಿ ಉದ್ದ, 2 ಅಡಿ ಅಗಲ, ಸುಮಾರು 70 ಸೆಂಟಿಮೀಟರ್ ಎತ್ತರ ಇರುತ್ತದೆ. ಉದ್ದನೆಯ ಯಾವ ಮೇಜಾದರೂ ನಡೆಯುತ್ತದೆ, ಆದರೆ ಉದ್ದ 6 ಅಡಿಗಿಂತ ಕಡಿಮೆಯಾದರೆ ಆಟಕ್ಕೆ ಸ್ವಾರಸ್ಯವಿರುವುದಿಲ್ಲ. ಪ್ರತಿ ತುದಿಯಲ್ಲಿ 10 ಕಪ್‌ಗಳನ್ನು ನಾಲ್ಕು, ಮೂರು, ಎರಡು, ಒಂದರ ಸಾಲುಗಳಲ್ಲಿ, ತ್ರಿಕೋನದ ಚೂಪು ತುದಿ ಎದುರಾಳಿಯ ಕಡೆಗಿರುವಂತೆ, ಅಂಚಿಗೆ ಅಂಚು ತಾಗಿಸಿ ಜೋಡಿಸಬೇಕು. ಬೇಗ ಮುಗಿಯಬೇಕೆನ್ನುವವರು ಆರು ಕಪ್‌ಗಳಲ್ಲಿ ಆಡುತ್ತಾರೆ. ಬಳಸುವುದು ಸುಮಾರು 470ರಿಂದ 530 ಮಿಲಿಲೀಟರ್ ಹಿಡಿಯುವ, ಬಾಯಿ ಅಗಲವಾಗಿ ಬುಡ ಕಿರಿದಾಗಿರುವ ಪ್ಲಾಸ್ಟಿಕ್ ಕಪ್. 355 ಮಿಲಿಲೀಟರಿನ ಎರಡು ಕ್ಯಾನ್ ಬಿಯರನ್ನು ಹತ್ತು ಕಪ್‌ಗಳಿಗೆ ಹಂಚುವುದು ವಾಡಿಕೆ, ಅಂದರೆ ಕಪ್ಪಿಗೆ 71 ಮಿಲಿಲೀಟರ್. ಇದಕ್ಕಿಂತ ಕಡಿಮೆ ಸುರಿದರೆ ಜೋರಾಗಿ ಬಂದ ಚೆಂಡು ಕಪ್ಪನ್ನೇ ಉರುಳಿಸಿಬಿಡಬಹುದು. ಒಳಗಿನ ದ್ರವ ಕುಡಿಯುವುದಕ್ಕಿಂತ ಮೊದಲು ಕಪ್ಪಿಗೆ ಭಾರವಾಗಿ ಕೆಲಸಕ್ಕೆ ಬರುತ್ತದೆ. ಎರಡೂ ಪಕ್ಕದಲ್ಲಿ ಚೆಂಡು ತೊಳೆಯಲು ಬರೀ ನೀರಿನ ಒಂದೊಂದು ಕಪ್ ಇರಲಿ.

ಒಂದೊಂದು ತಂಡದಲ್ಲಿ ಇಬ್ಬರು. ಮೊದಲ ಸರದಿ ಯಾರದೆಂದು ನಿರ್ಧರಿಸಲು ನಾಣ್ಯ ಚಿಮ್ಮುವುದಕ್ಕಿಂತ ಸೊಗಸಾದ ಪದ್ಧತಿಯೊಂದಿದೆ: ಎರಡೂ ತಂಡಗಳಿಂದ ಒಬ್ಬೊಬ್ಬರು ಕಪ್ಪಿನ ಕಡೆ ನೋಡದೆ, ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ಏಕಕಾಲಕ್ಕೆ ಚೆಂಡು ಎಸೆಯುತ್ತಾರೆ. ಒಬ್ಬರದು ಬಿದ್ದು ಇನ್ನೊಬ್ಬರದು ತಪ್ಪುವವರೆಗೆ ಇದು ನಡೆಯುತ್ತದೆ. ಆಮೇಲೆ ಪ್ರತಿ ಸರದಿಯಲ್ಲಿ ತಂಡದ ಇಬ್ಬರೂ ತಲಾ ಒಂದು ಚೆಂಡು ಎಸೆಯುತ್ತಾರೆ. ಚೆಂಡು ಬಿದ್ದ ಕಪ್ಪನ್ನು ಎದುರಾಳಿ ತಂಡದ ಇಬ್ಬರು ಸರದಿಯ ಮೇಲೆ ಕುಡಿದು ಪಕ್ಕಕ್ಕಿಡುತ್ತಾರೆ. ಒಂದೇ ಸರದಿಯ ಎರಡೂ ಚೆಂಡುಗಳು ಬಿದ್ದರೆ ‘ಬಾಲ್ಸ್ ಬ್ಯಾಕ್’, ಎಂದರೆ ಚೆಂಡುಗಳು ಹಿಂದಿರುಗಿ ಅದೇ ತಂಡ ಮತ್ತೆ ಎಸೆಯುತ್ತದೆ. ಎಸೆಯುವಾಗ ಮೊಣಕೈ ಮೇಜಿನ ಅಂಚನ್ನು ದಾಟಬಾರದೆಂಬುದು ಬಹುತೇಕ ಎಲ್ಲ ಕಡೆಯ ನಿಯಮ. ಕೆಲವರು ಇದನ್ನು ಮಣಿಕಟ್ಟಿಗೆ ಬಿಗಿಗೊಳಿಸುತ್ತಾರೆ. ಮೊಣಕೈಗೆ ನಿಲ್ಲಿಸುವುದೇ ಲೇಸು, ಏಕೆಂದರೆ ಅಷ್ಟನ್ನು ಎದುರಿನಿಂದ ನೋಡಿ ತೀರ್ಮಾನಿಸುವುದು ಸುಲಭ.

ಎಸೆತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೊಸಬರು ಸೋಲುವುದು ಅದೃಷ್ಟದಿಂದಲ್ಲ, ಕೋನದಿಂದ. ಕಪ್ಪಿನ ಬಾಯಿ ಸುಮಾರು 95 ಮಿಲಿಮೀಟರ್ ಅಗಲ, ಚೆಂಡು 40 ಮಿಲಿಮೀಟರ್. ನೇರ ಮೇಲಿನಿಂದ ಇಳಿಯುವ ಚೆಂಡಿಗೆ ಪೂರ್ತಿ 95 ಮಿಲಿಮೀಟರಿನ ವೃತ್ತ ತೆರೆದಿರುತ್ತದೆ. ಓರೆಯಾಗಿ ಬರುವ ಚೆಂಡಿಗೆ ಅದೇ ಬಾಯಿ ಚಪ್ಪಟೆಯಾದ ಅಂಡಾಕಾರವಾಗಿ ಕಾಣುತ್ತದೆ. ಮೇಜಿಗೆ 60 ಡಿಗ್ರಿ ಕೋನದಲ್ಲಿ ಇಳಿಯುವ ಚೆಂಡಿಗೆ ಆ ತೆರಪು 82 ಮಿಲಿಮೀಟರ್, 45 ಡಿಗ್ರಿಯಲ್ಲಿ 67, 30 ಡಿಗ್ರಿಯಲ್ಲಿ ಬರೀ 47. ಕೊನೆಯ ಲೆಕ್ಕದಲ್ಲಿ ಚೆಂಡಿಗೆ ಉಳಿಯುವ ಸಡಿಲ 7 ಮಿಲಿಮೀಟರ್ ಮಾತ್ರ. ಆದ್ದರಿಂದ ಚೆಂಡನ್ನು ಗುರಿಯತ್ತ ತಳ್ಳದೆ, ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು, ಮುಖದ ಎತ್ತರಕ್ಕಿಂತ ಮೇಲೇರಿ ಇಳಿಯುವ ಕಮಾನಿನಲ್ಲಿ ಬಿಡಬೇಕು. ಕೈ ಕಪ್ಪಿಗಿಂತ ಎತ್ತರದಲ್ಲಿರುವುದರಿಂದ ಚೆಂಡು ಇಳಿಯುವ ಕೋನ ಬಿಟ್ಟ ಕೋನಕ್ಕಿಂತ ತಾನಾಗಿಯೇ ಕಡಿದಾಗುತ್ತದೆ. ನೇರವಾಗಿ, ವೇಗವಾಗಿ ಎಸೆಯುವವರೂ ಇದ್ದಾರೆ. ಅವರು ನೆಚ್ಚುವುದು ಕಪ್ಪಿನ ಹಿಂದಿನ ಒಳಗೋಡೆಗೆ ಬಡಿದು ಚೆಂಡು ಒಳಬೀಳುವುದನ್ನು. ತಪ್ಪಿದರೆ ಮಾತ್ರ ಅವರ ಚೆಂಡು ಕೋಣೆಯ ಮೂಲೆ ಸೇರುತ್ತದೆ.

ಚೆಂಡಿನ ತೂಕ 2.7 ಗ್ರಾಂ. ತಿರುಗುವ ಫ್ಯಾನು, ತೆರೆದ ಕಿಟಕಿ, ಪಕ್ಕದಲ್ಲಿ ಸರಿದುಹೋದವರ ಗಾಳಿ, ಯಾವುದಾದರೂ ಅದರ ದಾರಿ ತಪ್ಪಿಸಲು ಸಾಕು. ಒಮ್ಮೆ ನಾನು ಅರ್ಧ ಆಟದುದ್ದಕ್ಕೂ ನನ್ನ ಕೈಯನ್ನು ಶಪಿಸುತ್ತಿದ್ದು, ಕೊನೆಗೆ ಯಾರೋ ಫ್ಯಾನ್ ಆರಿಸಿದ ಮೇಲೆ ಸತತ ಮೂರು ಕಪ್ ಬೀಳಿಸಿದ್ದೆ. ಇನ್ನೊಂದು ಮಾತು: ‘ಆ ಗುಂಪಿನ ಕಡೆಗೆ’ ಎಂದು ಎಸೆಯಬಾರದು, ಒಂದು ಕಪ್ಪನ್ನು ಆರಿಸಿಕೊಂಡು ಅದರ ಹಿಂದಿನ ಅಂಚನ್ನು ನೋಡಿ ಎಸೆಯಬೇಕು. ಮೂರು ಕಪ್‌ಗಳು ಕೂಡುವಲ್ಲಿ ಚೆಂಡು ಇಳಿಯುವಷ್ಟು ಜಾಗವಿಲ್ಲ. ಕೆಲವೊಮ್ಮೆ ಚೆಂಡು ಮೂರು ಅಂಚುಗಳ ಮೇಲೆ ಗೂಡಿನ ಮೊಟ್ಟೆಯ ಹಾಗೆ ಕುಳಿತುಬಿಡುತ್ತದೆ. ಅದು ಲೆಕ್ಕಕ್ಕಿಲ್ಲ.

ಈಗ ಜಗಳದ ನಿಯಮಗಳಿಗೆ ಬರೋಣ. ಮೊದಲನೆಯದು ಬೌನ್ಸ್. ಮೇಜಿಗೆ ಒಮ್ಮೆ ಪುಟಿದು ಕಪ್ಪಿಗೆ ಬಿದ್ದ ಚೆಂಡಿಗೆ ಅನೇಕರು ಎರಡು ಕಪ್ ಕೊಡುತ್ತಾರೆ, ಕೆಲವರು ಒಂದೇ. ಎರಡು ಕೊಡುವುದಾದರೆ, ಚೆಂಡು ಮೇಜನ್ನು ಮುಟ್ಟಿದ ಕ್ಷಣದಿಂದ ಅದನ್ನು ಕೈಯಿಂದ ಬಡಿದು ಹಾಕುವ ಹಕ್ಕು ಎದುರಾಳಿಗೆ ಇರಲೇಬೇಕು. ಹೆಚ್ಚಿನ ಫಲಕ್ಕೆ ಹೆಚ್ಚಿನ ಅಪಾಯವಿಲ್ಲದಿದ್ದರೆ ಎಲ್ಲರೂ ಪುಟಿಸುತ್ತಲೇ ಕೂರುತ್ತಾರೆ. ಪುಟಿಯದ ಚೆಂಡನ್ನು ಮಾತ್ರ ತಡೆಯುವಂತಿಲ್ಲ. ತಡೆದರೆ ದಂಡವಾಗಿ ಒಂದು ಕಪ್ ಹೋಗುತ್ತದೆ.

ಎರಡನೆಯದು ರೀರ‍್ಯಾಕ್. ಕಪ್‌ಗಳು ಹೋದಂತೆಲ್ಲ ತ್ರಿಕೋನದಲ್ಲಿ ಹಲ್ಲುಬಿದ್ದ ಹಾಗೆ ತೆರಪುಗಳಾಗುತ್ತವೆ. ಉಳಿದವನ್ನು ಒತ್ತೊತ್ತಾಗಿ ಮರುಜೋಡಿಸಿ ಎಂದು ಎಸೆಯುವ ತಂಡ ಕೇಳಬಹುದು. ಆರು ಉಳಿದಾಗ ತ್ರಿಕೋನ, ನಾಲ್ಕು ಉಳಿದಾಗ ವಜ್ರಾಕೃತಿ, ಮೂರಕ್ಕೆ ಮತ್ತೆ ತ್ರಿಕೋನ ಎಂಬುದು ಸಾಮಾನ್ಯ ಕ್ರಮ. ತಂಡಕ್ಕೆ ಎಷ್ಟು ಬಾರಿ ಎಂಬುದೇ ವಾದದ ಮೂಲ. ಎರಡು ಬಾರಿ, ಅದೂ ಸರದಿಯ ಮೊದಲ ಎಸೆತಕ್ಕೆ ಮುಂಚೆ ಮಾತ್ರ ಎಂದು ನಿಗದಿ ಮಾಡಿಕೊಂಡರೆ ಆಟ ಓಡುತ್ತದೆ. ಕೊನೆಯ ಒಂಟಿ ಕಪ್ಪನ್ನು ಮಧ್ಯಕ್ಕೆ ಸರಿಸಲು ಯಾವಾಗ ಬೇಕಾದರೂ ಕೇಳಬಹುದೆಂಬುದನ್ನು ಬಹುತೇಕರು ಒಪ್ಪುತ್ತಾರೆ.

ಮೂರನೆಯದು, ಇಬ್ಬರ ಚೆಂಡೂ ಒಂದೇ ಕಪ್ಪಿಗೆ ಬಿದ್ದರೆ ಏನು ಎಂಬುದು. ಕೆಲವರು ಮೂರು ಕಪ್ ತೆಗೆಸುತ್ತಾರೆ, ಕೆಲವರು ಆಟವೇ ಮುಗಿಯಿತೆನ್ನುತ್ತಾರೆ. ಎರಡನೆಯದು ನನಗೆ ಅತಿಯೆನಿಸುತ್ತದೆ. ಬಿದ್ದ ಕಪ್ಪನ್ನು ತಕ್ಷಣ ತೆಗೆಯದ ಸೋಮಾರಿತನಕ್ಕೆ ಮೂರು ಕಪ್‌ಗಳ ಶಿಕ್ಷೆಯೇ ಧಾರಾಳ. ಕಪ್ಪಿನ ಒಳಗೋಡೆಯ ಸುತ್ತ ಗಿರಕಿ ಹೊಡೆಯುತ್ತಿರುವ ಚೆಂಡನ್ನು ದ್ರವ ಮುಟ್ಟುವ ಮುನ್ನ ಊದಿ ಅಥವಾ ಬೆರಳಿನಿಂದ ಎತ್ತಿ ಹೊರಹಾಕುವ ನಿಯಮವೂ ಕೆಲವೆಡೆ ಇದೆ. ಅದು ದ್ರವ ಮುಟ್ಟಿತೇ ಇಲ್ಲವೇ ಎಂದು ಯಾರೂ ಖಚಿತವಾಗಿ ಹೇಳಲಾರರಾದ್ದರಿಂದ ಆ ನಿಯಮವನ್ನು ಕೈಬಿಡುವುದೇ ಒಳ್ಳೆಯದು.

ಕುಡಿತದ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. 5 ಶೇಕಡಾ ಆಲ್ಕೊಹಾಲಿನ 355 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 14 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಸೋತ ಜೋಡಿ ಹತ್ತೂ ಕಪ್‌ಗಳನ್ನು ಹಂಚಿಕೊಂಡರೆ ತಲೆಗೆ ಒಂದು ಕ್ಯಾನ್, ಇದು ಹೆಚ್ಚಲ್ಲವೆನಿಸುತ್ತದೆ. ಆದರೆ ಗೆದ್ದವರು ಮೇಜಿನಲ್ಲೇ ಉಳಿದು ಮುಂದಿನ ತಂಡವನ್ನು ಎದುರಿಸುವುದು ರೂಢಿ, ಮತ್ತು ಒಂದೇ ಕಪ್ಪಿನ ಅಂತರದಿಂದ ಗೆದ್ದವರೂ ಒಂಬತ್ತು ಕಪ್ ಕುಡಿದಿರುತ್ತಾರೆ. ಹೀಗೆ ಸತತ ನಾಲ್ಕು ಆಟ ಗೆದ್ದ ಜೋಡಿ ತಲಾ ಮೂರೂವರೆ ಕ್ಯಾನಿಗಿಂತ ಹೆಚ್ಚು ಕುಡಿದಿರುತ್ತದೆ, ಅದೂ ಒಂದೂವರೆ ಗಂಟೆಯ ಆಸುಪಾಸಿನಲ್ಲಿ. ದೇಹ ಒಂದು ಕ್ಯಾನಿನ ಆಲ್ಕೊಹಾಲನ್ನು ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಬಿಯರಿನ ಬದಲು 40 ಶೇಕಡಾದ ಮದ್ಯವನ್ನು ಅದೇ ಅಳತೆಯಲ್ಲಿ ಸುರಿದರೆ ಹತ್ತು ಕಪ್‌ಗಳಲ್ಲಿ 16 ಕ್ಯಾನ್ ಬಿಯರಿನಷ್ಟು ಆಲ್ಕೊಹಾಲ್ ಇರುತ್ತದೆ. ಅದನ್ನು ಆಟವೆಂದು ಕರೆಯಲು ಬರುವುದಿಲ್ಲ.

ಚೆಂಡಿನ ಸ್ಥಿತಿಯನ್ನೂ ನೋಡಬೇಕು. ಅದು ನೆಲಕ್ಕೆ ಬಿದ್ದು, ಸೋಫಾದ ಅಡಿ ಹೊರಳಿ, ನಾಲ್ಕು ಜನರ ಕೈ ಸುತ್ತಿ ಕುಡಿಯುವ ಪಾನೀಯಕ್ಕೆ ಬೀಳುತ್ತದೆ. ತೊಳೆಯುವ ಕಪ್ಪಿನ ನೀರಿನಲ್ಲಿ ಅರ್ಧ ಗಂಟೆಯಾದ ಮೇಲೆ ಕೂದಲೆಳೆಯೂ ಧೂಳಿನ ಎಳೆಯೂ ತೇಲುತ್ತಿರುತ್ತವೆ. ಅದರಲ್ಲಿ ಅದ್ದಿದ ಚೆಂಡು ಒದ್ದೆಯಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಈ ಎರಡೂ ತೊಡಕುಗಳಿಗೆ ಒಂದೇ ಪರಿಹಾರವಿದೆ, ನಾನು ಪಾಲಿಸುವುದೂ ಅದನ್ನೇ: ಮೇಜಿನ ಕಪ್‌ಗಳಿಗೆಲ್ಲ ನೀರು ತುಂಬಿ, ಪ್ರತಿಯೊಬ್ಬರೂ ತಮ್ಮ ಪಾನೀಯವನ್ನು ಬೇರೆ ಲೋಟದಲ್ಲಿ ಇಟ್ಟುಕೊಂಡು, ಕಪ್ ಬಿದ್ದಾಗ ಅದರಿಂದ ಒಂದು ಗುಟುಕು ಹೀರುವುದು. ಕುಡಿಯದವರು ಅಲ್ಲಿ ಹಣ್ಣಿನ ರಸ ಇಟ್ಟುಕೊಂಡರೂ ಆಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲ.

ಕೊನೆಗೆ, ಆಟ ಮುಗಿಯುವ ಬಗೆ. ಹೊಸಬರು ಎಡವುವುದು ಇಲ್ಲಿಯೇ. ಕೊನೆಯ ಕಪ್ ಬಿದ್ದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. ಸೋಲುತ್ತಿರುವ ತಂಡಕ್ಕೆ ‘ರಿಬಟಲ್’ ಎಂಬ ಮರುಎಸೆತದ ಅವಕಾಶವಿದೆ. ಸಾಮಾನ್ಯ ರೂಪದಲ್ಲಿ, ತಪ್ಪುವವರೆಗೆ ಅವರು ಎಸೆಯುತ್ತಲೇ ಹೋಗಬಹುದು. ತಪ್ಪುವ ಮೊದಲೇ ಎದುರಾಳಿಯ ಉಳಿದ ಕಪ್‌ಗಳನ್ನೆಲ್ಲ ಮುಗಿಸಿದರೆ ಎರಡೂ ಕಡೆ ಮೂರು ಮೂರು ಕಪ್‌ಗಳ ಹೆಚ್ಚುವರಿ ಆಟ ನಡೆಯುತ್ತದೆ. ಈ ಹೆಚ್ಚುವರಿ ಆಟದಲ್ಲೂ ರಿಬಟಲ್ ಉಂಟೇ ಎಂಬುದನ್ನು ಬೌನ್ಸ್ ಮತ್ತು ರೀರ‍್ಯಾಕ್‌ಗಳ ಜೊತೆಗೆ ಮೊದಲ ಎಸೆತಕ್ಕೆ ಮುಂಚೆಯೇ ಕೇಳಿಕೊಳ್ಳಿ. ಒಮ್ಮತ ಮೂಡದಿದ್ದರೆ ಮೇಜು ಯಾರದೋ ಅವರ ಮಾತೇ ನಿಯಮ. ನಾನು ಕೇಳಿಕೊಂಡಿರಲಿಲ್ಲ. ಹತ್ತನೆಯ ಕಪ್ ಬಿದ್ದ ಸಂಭ್ರಮದಲ್ಲಿ ನಾವಿಬ್ಬರು ಅಪ್ಪಿಕೊಂಡು ಕುಣಿಯುತ್ತಿದ್ದಾಗ, ಎದುರಿನವಳು ಚೆಂಡನ್ನು ನೀರಿನಲ್ಲಿ ಅದ್ದಿ, ಅಂಗಿಗೆ ಒರೆಸಿಕೊಂಡು, ನಮ್ಮ ಕಡೆ ಉಳಿದಿದ್ದ ಮೂರು ಕಪ್‌ಗಳನ್ನು ಒಂದರ ಹಿಂದೊಂದು ಬೀಳಿಸಿದಳು. ಹೆಚ್ಚುವರಿ ಆಟದಲ್ಲಿ ನಾವೆಸೆದ ಚೆಂಡು ಒಂದೂ ಬೀಳಲಿಲ್ಲ.