ಪಸ್ಕಾನಾ: ಹೇರು ಬಿಚ್ಚುವ ಜಾಗ

ಪಸ್ಕಾನಾ ಕೆಚುವಾ ಭಾಷೆಯ ಪದ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಆಡುವ ಮಾತು ಇದು. 'ಪಸ್ಕ' ಅಂದರೆ ಬಿಚ್ಚು, ಕಟ್ಟು ಸಡಿಲಿಸು. ಅದಕ್ಕೆ 'ನಾ' ಸೇರಿದರೆ ಬಿಚ್ಚುವ ಜಾಗ. ಬಿಚ್ಚುವುದು ಏನನ್ನು? ಲಾಮಾದ ಬೆನ್ನ ಮೇಲಿನ ಹೇರನ್ನು. ಲಾಮಾ ಅಂದರೆ ಅಲ್ಲಿನವರು ಹೇರು ಹೊರಿಸುವ, ಒಂಟೆಯ ಬಳಗದ ಪ್ರಾಣಿ.

ಸುಮ್ನೆ 'ತಂಗುದಾಣ' ಅಂದುಬಿಡಬಹುದಿತ್ತು. ಆದರೆ ಆ ಪದ ಕೇಳಿದ ಕೂಡಲೇ ನಮಗೆ ನೆನಪಾಗುವುದು ಬಸ್ಸಿಗೆ ಕಾಯುವ ಶೆಡ್ಡು, ಅಲ್ವಾ? ಪಸ್ಕಾನಾದಲ್ಲಿ ಸೂರಿಲ್ಲ, ಬಾಗಿಲಿಲ್ಲ. ಎಷ್ಟೋ ಕಡೆ ನೀರೂ ಇಲ್ಲ.

ಈ ಪದ ಜಾಸ್ತಿ ಕೇಳಿಬರುವುದು ಚಿಲಿ ದೇಶದ ಅಟಕಾಮಾ ಮರುಭೂಮಿಯ ಹಳೆಯ ದಾರಿಗಳ ಮಾತು ಬಂದಾಗ. ಅಟಕಾಮಾ ಜಗತ್ತಿನ ಅತಿ ಒಣ ಜಾಗಗಳಲ್ಲಿ ಒಂದು. ಅದನ್ನು ದಾಟಿ ಸಮುದ್ರ ಸೇರುವ ನದಿ ಲೋವಾ. ಅದರ ದಡದಲ್ಲಿ ಕಲಾಮಾ, ಚಿಯು ಚಿಯು, ಕಿಯಾಗುವಾ ಎಂಬ ಓಯಸಿಸ್‌ಗಳಿವೆ. ಕಲಾಮಾದಿಂದ ಕರಾವಳಿಯ ಟೊಕೊಪಿಯಾಗೆ ನೇರ ಗೆರೆ ಎಳೆದು ಅಳೆದರೂ 130 ಕಿ.ಮೀ. ದಾಟುತ್ತದೆ. ಲಾಮಾ ಹೊರುವುದು 25ರಿಂದ 30 ಕೆಜಿ, ದಿನಕ್ಕೆ ನಡೆಯುವುದು 15ರಿಂದ 20 ಕಿ.ಮೀ. ಅಂದರೆ ದಾರಿಯಲ್ಲಿ ಆರರಿಂದ ಎಂಟು ರಾತ್ರಿ ಕಳೆಯಲೇಬೇಕು. ಆ ಒಂದೊಂದು ರಾತ್ರಿಗೂ ಒಂದೊಂದು ಪಸ್ಕಾನಾ.

ನೋಡಲು ಏನೂ ಅಲ್ಲ. ಮೊಣಕಾಲೆತ್ತರದ ಕಲ್ಲಿನ ಸಾಲು, ಅರ್ಧಚಂದ್ರದ ಹಾಗೆ ಬಾಗಿದ್ದು. ಗಾಳಿಗೆ ಮರೆ, ಅಷ್ಟೇ. ಅದರ ಮಗ್ಗುಲಲ್ಲಿ ಬೆಂಕಿ ಉರಿಸಿದ ಬೂದಿ, ಮಡಕೆಯ ಚೂರು, ಲಾಮಾದ ಹಿಕ್ಕೆ. ಸಮುದ್ರದಿಂದ ಅಷ್ಟು ದೂರದ ಮರಳಲ್ಲಿ ಒಂದು ಕಪ್ಪೆಚಿಪ್ಪು, ಮೀನಿನ ಮುಳ್ಳು. ಬೇರೆ ಕಡೆಯಾಗಿದ್ದರೆ ಒಂದೆರಡು ಮಳೆಗಾಲಕ್ಕೆ ಎಲ್ಲ ಕೊಚ್ಚಿಹೋಗುತ್ತಿತ್ತು. ಇಲ್ಲಿ ಮಳೆಯೇ ಇಲ್ಲ, ಹಾಗಾಗಿ ಸಾವಿರ ವರ್ಷದ ಬೂದಿಯೂ ಇದ್ದಲ್ಲೇ ಇದೆ. ಲಾಮಾಗಳು ಹಿಂಡಾಗಿ ಹರಡಿಕೊಂಡು ನಡೆದ ದಾರಿ ಬಾಚಣಿಗೆಯಿಂದ ಎಳೆದ ಹಾಗೆ ಸಾಲುಸಾಲಾಗಿ ಕಾಣುತ್ತದೆ. ಮನುಷ್ಯರಷ್ಟೇ ನಡೆದದ್ದಾದರೆ ಒಂದೇ ಸಣ್ಣ ಗೆರೆ.

ಹೇರಿನಲ್ಲಿ ಏನಿರುತ್ತಿತ್ತು? ಕರಾವಳಿಯಿಂದ ಒಣಮೀನು, ಚಿಪ್ಪು. ಒಳನಾಡಿನಿಂದ ಮೆಕ್ಕೆಜೋಳ, ಉಣ್ಣೆ ಬಟ್ಟೆ, ಅಲ್ಗರ್ರೋಬೋ ಮರದ ಸಿಹಿ ಕಾಯಿ. ಈ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ನಾವು ಶಪಿಸುತ್ತಾ ಕಡಿಯುವ ಗಿಡದ ಬಳಗವನ್ನು ಅಲ್ಲಿನವರು ಹಿಟ್ಟು ಮಾಡಿ ಉಣ್ಣುತ್ತಿದ್ದರು!

ಇವೆಲ್ಲದರ ಜೊತೆಗೆ ಹಸಿರು ಕಲ್ಲು. ಅದು ತಾಮ್ರದ ಅದಿರು. ಅಟಕಾಮೈಟ್ ಅನ್ನುವ ತಾಮ್ರದ ಖನಿಜಕ್ಕೆ ಹೆಸರು ಬಂದದ್ದೇ ಈ ಮರುಭೂಮಿಯಿಂದ. ಅದಿರು ಅಂದರೆ ಕರಗಿಸಿ ಲೋಹ ತೆಗೆಯುವುದಕ್ಕೇ ಅಂದುಕೊಳ್ಳಬೇಡಿ. ಹಸಿರು ಕಲ್ಲನ್ನು ಉಜ್ಜಿ ತೂತು ಕೊರೆದು ಮಣಿ ಮಾಡುತ್ತಿದ್ದರು. ಪುಡಿ ಮಾಡಿ ದಾರಿಯ ಬದಿಯಲ್ಲಿ ಹರಕೆಯಂತೆ ಚೆಲ್ಲಿಯೂ ಹೋಗುತ್ತಿದ್ದರು.

ಅಗೆದವರು ಹೇಗಿದ್ದರು ಅನ್ನುವುದಕ್ಕೆ ಒಬ್ಬ ಸಾಕ್ಷಿ ಇದ್ದಾನೆ. 1899ರಲ್ಲಿ ಕಲಾಮಾ ಹತ್ತಿರದ ಚುಕಿಕಮಾಟಾದಲ್ಲಿ ಹಳೆಯ ಸುರಂಗವೊಂದರಲ್ಲಿ ಗಣಿಗಾರನ ದೇಹ ಸಿಕ್ಕಿತು. ಕೆಲಸ ಮಾಡುತ್ತಿದ್ದಾಗಲೇ ಮೇಲಿನ ಮಣ್ಣು ಕುಸಿದಿತ್ತು. ಕಾಲ ಸುಮಾರು ಕ್ರಿ.ಶ. 550. ಕಲ್ಲಿನ ಸುತ್ತಿಗೆ, ಬುಟ್ಟಿಗಳು ಪಕ್ಕದಲ್ಲೇ ಇದ್ದವು. ತಾಮ್ರದ ಲವಣ ಹಿಡಿದು ಮೈ ಹಸಿರಾಗಿತ್ತು. 'ತಾಮ್ರ ಮನುಷ್ಯ' ಅಂತ ಹೆಸರಿಟ್ಟು ನ್ಯೂಯಾರ್ಕಿನ ಮ್ಯೂಸಿಯಂಗೆ ಸಾಗಿಸಿದರು. ಕೆಲಸದ ನಡುವೆ ಸತ್ತವನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಿದ್ದರು ಅನ್ನುವುದು ನನಗಂತೂ ಕಸಿವಿಸಿ.

ಗಣಿ ಕೆಲಸ ಓಯಸಿಸ್‌ನವರಿಗೇ ಮೀಸಲಾಗಿರಲಿಲ್ಲ. ದಕ್ಷಿಣಕ್ಕೆ, ಕರಾವಳಿಯ ಟಾಲ್ಟಾಲ್ ಹತ್ತಿರ ಸ್ಯಾನ್ ರಮೋನ್ ಅನ್ನುವ ಗಣಿ ಇದೆ. ಅಲ್ಲಿ ಅಗೆಯಲು ಶುರು ಮಾಡಿದ್ದು ಸುಮಾರು 12,000 ವರ್ಷ ಹಿಂದೆ! ಸಮುದ್ರವನ್ನೇ ನಂಬಿ ಬದುಕುತ್ತಿದ್ದ ಜನ ಕೆಂಪು ಬಣ್ಣಕ್ಕಾಗಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅಲ್ಲಿಂದ ಹೊರಬಂದ ಕಲ್ಲು ಸುಮಾರು 2,000 ಟನ್ ಅನ್ನುವ ಅಂದಾಜಿದೆ. ಸಿಕ್ಕ ಕಲ್ಲಿನ ಸುತ್ತಿಗೆಗಳೇ 500ಕ್ಕೂ ಜಾಸ್ತಿ. ಲಾಮಾ ಪಳಗಿದ್ದು ಇದಾದ ಎಷ್ಟೋ ಸಾವಿರ ವರ್ಷದ ನಂತರ.

ಪದದ ಬಗ್ಗೆ ಒಂದು ತಕರಾರು ಉಳಿದಿದೆ. ಅಟಕಾಮಾದ ಓಯಸಿಸ್‌ಗಳ ಸ್ವಂತ ಭಾಷೆ ಕೆಚುವಾ ಅಲ್ಲ, ಕುನ್ಸಾ. ಅದು ದಿನಬಳಕೆಯಿಂದ ಅಳಿದುಹೋಯಿತು. ಹಾಗಾಗಿ ಆ ಕಲ್ಲಿನ ಮರೆಯಲ್ಲಿ ಮಲಗಿದವರೆಲ್ಲ 'ಪಸ್ಕಾನಾ' ಅಂದೇ ಕರೆಯುತ್ತಿದ್ದರು ಅಂತ ತಿಳಿಯಬೇಕಿಲ್ಲ. ಇಂದಿನ ಸಂಶೋಧಕರಿಗೆ ಒಪ್ಪುವ ಹೆಸರು ಅದು.

ಹಾಗೆ ಮಲಗಿದವರೆಲ್ಲ ಬೆಟ್ಟದ ಕಡೆಯಿಂದ ಲಾಮಾ ಹೊಡೆದುಕೊಂಡು ಬಂದವರೇ ಅಂತಲೂ ಅಲ್ಲ. ಕಲಾಮಾ ಮತ್ತು ಕಿಯಾಗುವಾ ನಡುವೆ ಚುಗ್ ಚುಗ್ ಅನ್ನುವ ಕಡೆ ಬೋಳು ಗುಡ್ಡದ ಮೈಮೇಲೆ ನೂರಾರು ದೊಡ್ಡ ಚಿತ್ರಗಳಿವೆ, ನೆಲ ಕೆರೆದು ಬಿಡಿಸಿದಂಥವು. ಅವುಗಳಲ್ಲಿ ಕೆಲವು ತೆಪ್ಪದ ಮೇಲೆ ಕೂತು ಮೀನು ಹಿಡಿಯುವವರವು. ಸುತ್ತ ಎತ್ತ ನೋಡಿದರೂ ಒಂದು ಹನಿ ನೀರಿಲ್ಲ.