ಡಿಸ್ಕ್ ಜಾರುವುದಿಲ್ಲ, ಒದ್ದರೆ ಕೂರುವುದೂ ಇಲ್ಲ

ಅಡಿಕೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸೊಂಟ ಹಿಡಿದುಕೊಂಡವರು ಊರಿಗೆ ನಾಲ್ಕು ಜನ ಇದ್ದೇ ಇರುತ್ತಾರೆ. ಅಡಿಕೆ ಗೊನೆ ಹೊತ್ತವರು, ಮೆಟ್ಟುಗತ್ತಿಯ ಮುಂದೆ ಬಾಗಿ ಕೂತು ರಾತ್ರಿವರೆಗೆ ಸುಲಿದವರು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳಿ ಎಂದು ಹೇಳುವವರು ಈಗಲೂ ಸಿಗುತ್ತಾರೆ. ಮೊದಲು ಅದು ಉಳುಕಿಗೆ ಮದ್ದಾಗಿತ್ತು. ಈಗ ಸ್ಕ್ಯಾನ್ ಬಂದಿದೆ, ಹಾಗಾಗಿ ಒದ್ದರೆ ಬೆನ್ನುಮೂಳೆಗಳ ನಡುವಿಂದ ಜಾರಿದ ಡಿಸ್ಕ್ ಜಾಗಕ್ಕೆ ಬರುತ್ತದೆ ಎನ್ನುತ್ತಾರೆ. ಕೇಳಿದರೆ ಸಂಕಟವಾಗುತ್ತದೆ. ಡಿಸ್ಕ್ ಜಾರುವುದೇ ಇಲ್ಲ!

ಹುಟ್ಟುವಾಗ ಬೆನ್ನಿನಲ್ಲಿ 33 ಕಶೇರುಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು. ಕೆಳಗಿನ 9 ಬೆಸೆದು ಎರಡಾಗುತ್ತವೆ, ಉಳಿಯುವುದು 26 ಮೂಳೆ. ಇವುಗಳ ನಡುವೆ 23 ಡಿಸ್ಕ್‌ಗಳು. ತಲೆಬುರುಡೆಯ ಕೆಳಗಿನ ಎರಡು ಸಂದುಗಳಲ್ಲಿ ಡಿಸ್ಕ್ ಇಲ್ಲ, ಅಲ್ಲಿ ಕತ್ತು ತಿರುಗಬೇಕಲ್ವಾ.

ಡಿಸ್ಕ್ ಎಂದರೆ ಎರಡು ಮೂಳೆಗಳ ನಡುವೆ ಸುಮ್ನೆ ಇಟ್ಟ ಬಿಲ್ಲೆ ಅಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಬೆಳೆದು ಅಂಟಿರುತ್ತದೆ. ಹೊರಸುತ್ತಿನಲ್ಲಿ ಹದಿನೈದಿಪ್ಪತ್ತು ಪದರ ಗಟ್ಟಿ ನಾರು. ಬಿದಿರಿನ ಬುಟ್ಟಿಯ ದಬ್ಬೆಗಳ ಹಾಗೆ ಒಂದು ಪದರದ ನಾರು ಎಡಕ್ಕೆ ಓರೆ, ಮುಂದಿನದು ಬಲಕ್ಕೆ ಓರೆ. ಯಾವ ಕಡೆ ತಿರುಚಿದರೂ ಅರ್ಧ ಪದರಗಳು ಬಿಗಿಯಾಗಿ ತಡೆಯುತ್ತವೆ. ನಡುವೆ ಲೋಳೆಯಂಥ ತಿರುಳು. ಎಳೆ ವಯಸ್ಸಿನಲ್ಲಿ ಅದರ ಸುಮಾರು ಶೇ. 80 ಭಾಗ ನೀರು. ತಿರುಳಿನಲ್ಲಿರುವ ದೊಡ್ಡ ಅಣುಗಳು ನೀರನ್ನು ಎಳೆದು ಹಿಡಿದುಕೊಳ್ಳುತ್ತವೆ. ಆ ನೀರು ಸುತ್ತಲಿನ ನಾರನ್ನು ಒಳಗಿನಿಂದ ಒತ್ತುತ್ತದೆ. ಭಾರ ಹೊರುವುದು ಈ ಒತ್ತಡವೇ. ಹಗಲೆಲ್ಲ ಒಂದಿಷ್ಟು ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುವುದು ಅದಕ್ಕೇ. ದೊಡ್ಡವರ ಡಿಸ್ಕಿನ ತಿರುಳಿಗೆ ರಕ್ತನಾಳವೂ ಇಲ್ಲ, ಪಕ್ಕದ ಮೂಳೆಯಿಂದ ಜಿನುಗಿ ಬಂದದ್ದೇ ಅದರ ಊಟ.

ಹಾಗಾದರೆ ಕೆಡುವುದು ಏನು? ವಯಸ್ಸಾದಂತೆ ನೀರು ಕಮ್ಮಿಯಾಗುತ್ತದೆ, ನಾರಿನಲ್ಲಿ ಬಿರುಕು ಬಿಡುತ್ತದೆ. ಬಿರುಕಿನಿಂದ ತಿರುಳು ಹೊರಗೆ ತಳ್ಳಿಕೊಳ್ಳುತ್ತದೆ. ಮೂಳೆಗಳನ್ನು ಹಿಡಿದಿರುವ ಮುಂಬದಿಯ ನಾರಿನ ಪಟ್ಟಿ ಅಗಲ, ಹಿಂಬದಿಯದು ಕಿರಿದು. ಆದ್ದರಿಂದ ತಿರುಳು ಹೆಚ್ಚಾಗಿ ಹಿಂದಕ್ಕೆ, ಸ್ವಲ್ಪ ಪಕ್ಕಕ್ಕೆ ಬರುತ್ತದೆ. ಕಾಲಿಗೆ ಹೋಗುವ ನರ ಇರುವುದೂ ಅಲ್ಲೇ.

ಇದು ಗೊತ್ತಾದದ್ದು ಕಳೆದ ಶತಮಾನದಲ್ಲಿ. ಅಮೆರಿಕದ ವೈದ್ಯರು ಮೊದಲು ಇಂಥ ತುಂಡು ತೆಗೆದಾಗ ಅದನ್ನು ಗಡ್ಡೆ ಎಂದೇ ತಿಳಿದಿದ್ದರು. ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಅದನ್ನು ಸಾಮಾನ್ಯ ಡಿಸ್ಕಿನ ಜೊತೆ ಹೋಲಿಸಿದರು. ಗಡ್ಡೆ ಎಂದು ಬರೆದಿಟ್ಟಿದ್ದ ಹಳೆಯ ಮಾದರಿಗಳನ್ನೂ ಮತ್ತೆ ನೋಡಿದರು. ಅವುಗಳಲ್ಲಿ ಹಲವು ಡಿಸ್ಕಿನ ತುಂಡುಗಳೇ ಆಗಿದ್ದವು! ಕಾಲಿಗಿಳಿಯುವ ನೋವಿಗೆ ಅದು ಕಾರಣ ಎಂದು 1934ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ನಾಚೆಮ್ಸನ್ ಜೀವಂತ ಮನುಷ್ಯರ ಡಿಸ್ಕಿಗೆ ಸೂಜಿ ಚುಚ್ಚಿ ಒತ್ತಡ ಅಳೆದರು. ಮುಂದಕ್ಕೆ ಬಾಗಿ ಕೂತಾಗ ಒತ್ತಡ ನಿಂತಾಗಿನದಕ್ಕಿಂತ ಜಾಸ್ತಿ. ಅಡಿಕೆ ಸುಲಿಯುವವರು ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕಾದ್ದು ಇದಕ್ಕೇ.

ಸ್ಕ್ಯಾನ್ ನೋಡಿ ಹೆದರುವವರಿಗೂ ಒಂದು ಮಾತು. 2015ರಲ್ಲಿ ಬಂದ ಒಂದು ಅವಲೋಕನದಲ್ಲಿ ನೋವೇ ಇಲ್ಲದ 3,110 ಜನರ ಚಿತ್ರಗಳ ಲೆಕ್ಕವಿದೆ. 20ರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು, 80ರವರಲ್ಲಿ ಶೇ. 84 ಮಂದಿಗೆ. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹದ ರಕ್ಷಣಾ ಕೋಶಗಳೇ ಕೆಲವು ತಿಂಗಳಲ್ಲಿ ತಿಂದು ಕುಗ್ಗಿಸುತ್ತವೆ. ಸಾಮಾನ್ಯ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಒದ್ದವರಿಗೆ ಹೆಸರು ಬರುವುದು ಹೀಗೆ. ಬಿರುಕು ಬಿಟ್ಟ ನಾರಿಗೆ ಆ ಒದೆತದಿಂದ ಪೆಟ್ಟು ಬೀಳಬಹುದೇ ಹೊರತು, ತಿರುಳು ಒಳಗೆ ಹೋಗುವ ದಾರಿಯೇ ಇಲ್ಲ.

ನನಗೆ ನಿಜವಾದ ಭಯ ಬೇರೆ. ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಕಾಲು ಸೋತರೆ, ತಿರುಳು ಬೆನ್ನಿನ ಕೆಳಗಿನ ನರಗಳ ಕಟ್ಟನ್ನೇ ಒತ್ತುತ್ತಿರಬಹುದು. ಆಗ ಅದೇ ದಿನ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡಬೇಕು, ರಾತ್ರಿಯಾಗಿದ್ದರೂ ಸರಿ. ಒದೆಯುವವರನ್ನು ಹುಡುಕುತ್ತಾ ಎರಡು ದಿನ ಕಳೆದರೆ, ಆಮೇಲೆ ಆಪರೇಷನ್ ಮಾಡಿದರೂ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು.